ಕಾಳಗಗಳ ನಡುವಣ ಬಿಡುವು

ಹೊಸದಾಗಿ ಪ್ಲೇಸ್ಟೇಷನ್ ಕೊಂಡ ತರುಣ ಮಿತ್ರರೊಬ್ಬರು, ಅನಿಮೆಯ ಕಥೆಗಳನ್ನು ಆಧರಿಸಿದ ಆಕ್ಷನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಮೊದಲು ಯಾವುದಕ್ಕೆ ಕೈಹಚ್ಚತಕ್ಕದ್ದೆಂದು ಕೇಳಿದಾಗ, ನಾನು ‘ಡ್ರ್ಯಾಗನ್ ಬಾಲ್ ಝಡ್: ಕಾಕರಾಟ್’ ಎಂದು ಹೇಳಿ ಕಳುಹಿಸಿದೆನು. ಹದಿನೈದು ದಿನಗಳ ತರುವಾಯ ಅವರು ಮರಳಿ ಬಂದು, ‘ಸಾರ್, ಕಾದಾಟವೇನೋ ಕಣ್ಣಿಗೆ ಹಬ್ಬ, ಆದರೆ ಒತ್ತಿದ ಗುಂಡಿಗಳನ್ನೇ ಒತ್ತುವುದಾಯಿತಲ್ಲ!’ ಎಂದರು. ಅವರ ಆಕ್ಷೇಪಣೆ ನಿರಾಧಾರವಾದುದಲ್ಲ. ಮುಷ್ಟಿಪ್ರಹಾರಕ್ಕೊಂದು ಗುಂಡಿ, ‘ಕಿ’ ಎಂಬ ಪ್ರಾಣಶಕ್ತಿಯ ಉಂಡೆಗಳನ್ನೆಸೆಯಲು ಇನ್ನೊಂದು, ಕಾಮೆಹಾಮೆಹಾದಂತಹ ಮಹಾಸ್ತ್ರಗಳಿಗಾಗಿ ಮತ್ತೊಂದನ್ನು ಅದುಮಿ ಹಿಡಿದು ನಾಲ್ಕರಲ್ಲೊಂದನ್ನು ಆರಿಸಿಕೊಳ್ಳುವುದು, ಇಷ್ಟೇ ಸಾಮಗ್ರಿಯಿಂದ ಹತ್ತಾರು ಗಂಟೆಗಳ ಆಟವನ್ನು ಕಟ್ಟಿದಾಗ ಏಕತಾನತೆ ತಲೆದೋರದಿರದು. ಆಕಾಶಮಾರ್ಗದಲ್ಲಿ ಹಾರುತ್ತಿರುವಾಗ ಅಡಿಗಡಿಗೆ ಅಡ್ಡಗಟ್ಟುವ ಕ್ಷುದ್ರಶತ್ರುಗಳ ಕಾಟವೂ ಉಂಟು. ಆದರೂ ನನ್ನ ಮಾತನ್ನು ಹಿಂದೆಗೆದುಕೊಳ್ಳಲು ಮನಸ್ಸೊಪ್ಪಲಿಲ್ಲ. ಈ ಆಟದ ಸತ್ತ್ವವು ಕಾಳಗಗಳ ನಡುವಣ ಬಿಡುವಿನಲ್ಲಿ ಅಡಗಿದೆಯೆಂದೂ, ಅದನ್ನು ಅರಸದೆ ಯುದ್ಧದಿಂದ ಯುದ್ಧಕ್ಕೆ ಓಡುವವನು ಕೈಗೆ ಬಂದ ಹಣ್ಣಿನ ಸಿಪ್ಪೆಯನ್ನಷ್ಟೇ ತಿಂದು ಏಳುವನೆಂದೂ ನಾನು ನಂಬಿದ್ದೇನೆ.

ಮೂಲದ ಅನಿಮೆಯನ್ನು ಬಲ್ಲವರಿಗೆ ಇದು ಬೇಗ ಮನದಟ್ಟಾದೀತು. ಅಕಿರಾ ತೋರಿಯಾಮಾ ಅವರು 1984ರಿಂದ 1995ರವರೆಗೆ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಚಿತ್ರಿಸಿದ ಕಥೆಯ ಉತ್ತರಭಾಗವನ್ನು ತೋಯೆಯ್ ಸಂಸ್ಥೆಯವರು 1989ರಿಂದ 1996ರವರೆಗೆ 291 ಕಂತುಗಳಲ್ಲಿ ಕಿರುತೆರೆಗೆ ತಂದರು. ವಾರವಾರವೂ ಕಂತು ಸಿದ್ಧವಾಗಬೇಕು, ಆದರೆ ಚಿತ್ರಕಾರನ ಲೇಖನಿಯನ್ನು ದಾಟಿ ಕಥೆ ಮುಂದೋಡಕೂಡದು. ಆದುದರಿಂದ ಅವರು ಕಾಲವನ್ನೇ ಹಿಗ್ಗಿಸಿದರು. ನಾಮೆಕ್ ಗ್ರಹವು ಇನ್ನೈದು ನಿಮಿಷಗಳಲ್ಲಿ ಸಿಡಿದುಹೋಗುವುದೆಂದು ಖಳನಾಯಕ ಫ್ರೀಜಾ ಸಾರಿದ ಮೇಲೆ ಆ ಐದು ನಿಮಿಷಗಳು ವಾರಗಟ್ಟಲೆ ನಡೆದುವೆಂಬುದು, ಈ ಶತಮಾನದ ಆದಿಯಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಅದನ್ನು ನೋಡುತ್ತ ಬೆಳೆದ ನಮ್ಮವರಿಗೂ ತಿಳಿದ ಸಂಗತಿಯೇ. ಹಾಗೆ ಹಿಗ್ಗಿದ ಕಾಲವನ್ನೆಲ್ಲ ಬಿಗಿದ ಮುಷ್ಟಿ, ಗಂಟಿಕ್ಕಿದ ಹುಬ್ಬು, ಆರ್ಭಟಗಳೇ ತುಂಬಿಕೊಂಡುವು. ಮನೆ, ಊಟ, ಮಗನ ಕೈಹಿಡಿದು ನಡೆಯುವ ಸಂಜೆ, ಇವು ಅಂಚಿಗೆ ಸರಿದುವು. ಕಥಾನಾಯಕ ಗೋಕು ಮತ್ತು ಅವನ ಸಂಗಡಿಗ ಪಿಕೊಲೊ ಕಾರು ಓಡಿಸಲು ಕಲಿಯುವ ಕಂತಿನಂತಹವು ಅಪರೂಪದ ಅಪವಾದಗಳು. ಫುಕುವೊಕಾ ನಗರದ ಸೈಬರ್‌ಕನೆಕ್ಟ್ ಟೂ ಸಂಸ್ಥೆಯವರು ನಿರ್ಮಿಸಿ, ಬಂದಾಯ್ ನಾಮ್ಕೊದವರು 2020ರ ಜನವರಿಯಲ್ಲಿ ಪ್ರಕಟಿಸಿದ ಈ ಆಟವು ಆ ಅಂಚನ್ನೇ ನಡುಮನೆಗೆ ಕರೆತಂದಿತು. ಕಾರಿನ ಪ್ರಸಂಗಕ್ಕೂ ಅದರಲ್ಲಿ ಸ್ಥಾನವಿದೆ.

ಮೀನು ಹಿಡಿಯುವುದನ್ನೇ ನೋಡಿ. ಪಾವೊಜು ಬೆಟ್ಟದ ಸೀಮೆಯಲ್ಲಿ, ಗೋಕುವಿನ ಮನೆಗೆ ಅನತಿದೂರದ ನೀರಿನ ಬಳಿ ನಿಂತಾಗ ಅವನು ಗಾಳವನ್ನು ಹಿಡಿಯುವುದಿಲ್ಲ. ಸೊಂಟಕ್ಕೊಂದು ಕೃತಕ ಬಾಲವನ್ನು ಕಟ್ಟಿಕೊಂಡು ಅದನ್ನೇ ನೀರಿಗೆ ಇಳಿಬಿಡುತ್ತಾನೆ. ಬಾಲ ಮೆಲ್ಲಗೆ ಆಡುತ್ತದೆ, ಮೀನೊಂದು ಸಮೀಪಿಸುತ್ತದೆ, ಕಚ್ಚುತ್ತದೆ. ತೆರೆಯಲ್ಲಿ ತೋರಿದ ಗುಂಡಿಯನ್ನು ತಕ್ಕ ಕ್ಷಣದಲ್ಲಿ ಒತ್ತಿದರೆ ಅದು ಅವನ ಪಾಲಾಗುತ್ತದೆ. ಮೊದಲ ಸಲ ನಾನು ಇದನ್ನು ಕಂಡು ನಕ್ಕು ಮುಂದೆ ಸಾಗಿದೆನು. ಎರಡನೆಯ ಸಲ ಅದರ ಮರ್ಮ ಹೊಳೆದು ಕೈ ತಾನಾಗಿ ತಡೆಯಿತು. ಬಾಲಕ ಗೋಕುವಿಗೆ ನಿಜವಾದ ಬಾಲವೇ ಇದ್ದಿತು. ಕಥೆಯ ಪ್ರಾರಂಭದಲ್ಲಿಯೇ ಅದನ್ನು ನೀರಿಗೆ ಇಳಿಬಿಟ್ಟು ಹೆಮ್ಮೀನೊಂದನ್ನು ಹಿಡಿದಿದ್ದನು. ಮುಂದೆ ಆ ಬಾಲವನ್ನು ಕಳೆದುಕೊಂಡನು. ಈಗ ತಂದೆಯಾದವನು ಹುಸಿಬಾಲವನ್ನು ಕಟ್ಟಿಕೊಂಡು ತನ್ನ ಬಾಲ್ಯದ ವಿದ್ಯೆಯನ್ನೇ ಆಡುತ್ತಿರುವನೆಂಬುದನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಹಿಡಿದ ಮೀನು ಅಡುಗೆಮನೆಯನ್ನು ಸೇರುತ್ತದೆ. ಗೋಕುವಿನ ಗೃಹಿಣಿ ಚಿ-ಚಿ ಬಡಿಸುವ ಪೂರ್ಣಭೋಜನವು ಉಂಡವನ ಬಲವನ್ನು ಶಾಶ್ವತವಾಗಿ ಹೆಚ್ಚಿಸುವುದರಿಂದ, ಈ ಆಟದಲ್ಲಿ ಪರಾಕ್ರಮದ ಒಂದು ಪಾಲಾದರೂ ಒಲೆಯ ಮುಂದೆ ಹುಟ್ಟುತ್ತದೆ. ತೋರಿಯಾಮಾ ಅವರ ಲೋಕಕ್ಕೆ ಇದು ಸಹಜವೇ: ಗೋಕುವಿನ ಮಗನ ಹೆಸರಾದ ಗೋಹಾನ್ ಎಂದರೆ ಜಪಾನೀ ಭಾಷೆಯಲ್ಲಿ ಅನ್ನ, ಊಟ, ಗೋಕು ಹುಟ್ಟಿದ ಸೈಯಾನ್ ಕುಲದವರ ಹೆಸರುಗಳು ತರಕಾರಿಗಳಿಂದ ಬಂದುವು, ಗೋಕುವಿನ ಜನ್ಮನಾಮವಾದ, ಈ ಆಟಕ್ಕೂ ಶೀರ್ಷಿಕೆಯಾದ ‘ಕಾಕರಾಟ್’ನಲ್ಲಿ ಅವಿತಿರುವುದು ಕ್ಯಾರೆಟ್.

ಒಂದೊಂದು ಮಹಾಯುದ್ಧ ಮುಗಿದ ಮೇಲೂ ಆಟ ನಮಗೊಂದು ವಿರಾಮಕಾಲವನ್ನು ಕೊಡುತ್ತದೆ. ಮುಖ್ಯಕಥೆಯು ಕಾದಿರುತ್ತದೆ, ನಾವು ಮನಬಂದಲ್ಲಿಗೆ ಹಾರಿಹೋಗಿ ಹಳೆಯ ಪರಿಚಿತರನ್ನು ವಿಚಾರಿಸಬಹುದು. ಇವರಲ್ಲಿ ಲಾಂಚ್ ಎಂಬವಳಿದ್ದಾಳೆ. ಸೀನಿದೊಡನೆ ಸೌಮ್ಯಸ್ವಭಾವದವಳು ಉಗ್ರಳಾಗಿ, ಮತ್ತೊಮ್ಮೆ ಸೀನಿದರೆ ಮೊದಲಿನಂತಾಗುವ ಈ ಹೆಂಗಸು ಪೂರ್ವಕಥೆಯಲ್ಲಿ ಎಲ್ಲರಿಗೂ ಪ್ರಿಯಳಾಗಿದ್ದು, ಉತ್ತರಕಥೆಯಲ್ಲಿ ಬಹುಮಟ್ಟಿಗೆ ಕಣ್ಮರೆಯಾದಳು. ಕಾರಣವನ್ನು ತೋರಿಯಾಮಾ ತಾವೇ ಒಪ್ಪಿಕೊಂಡಿದ್ದರು: ಅವಳನ್ನು ಅವರು ಮರೆತುಬಿಟ್ಟಿದ್ದರು. ಸೃಷ್ಟಿಕರ್ತನೇ ಮರೆತವಳನ್ನು ಹುಡುಕಿ ತಂದು, ಅವಳಿಗೊಂದು ಪುಟ್ಟ ಉಪಕಥೆಯನ್ನು ಹೆಣೆದು, ಗೋಕುವಿನ ಬಳಗಕ್ಕೆ ಪುನಃ ಭೇಟಿ ಮಾಡಿಸಿದ ಆಟದ ಶಿಲ್ಪಿಗಳ ಅಂತಃಕರಣವನ್ನು ನಾನು ಯಾವ ಅಸ್ತ್ರವೈಭವಕ್ಕಿಂತಲೂ ಹೆಚ್ಚೆಂದು ಬಗೆಯುತ್ತೇನೆ. 2024ರ ಮಾರ್ಚ್ 1ರಂದು ತೋರಿಯಾಮಾ ತಮ್ಮ 68ನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂದ ವಾರ, ನಾನು ಹಳೆಯ ಆಟವನ್ನು ತೆರೆದು ಯಾರೊಡನೆಯೂ ಕಾದದೆ ಬಹುಹೊತ್ತು ಬರಿದೆ ಹಾರಾಡಿದೆನು.

ಮಿತ್ರರ ಆಟ ಈಗ ಇಂಥದೇ ಒಂದು ವಿರಾಮದಲ್ಲಿ ನಿಂತಿದೆಯಂತೆ. ಲಾಂಚಳನ್ನು ಅವರಿನ್ನೂ ಕಂಡಿಲ್ಲ. ಮುಂದಿನ ವೈರಿ ಎಲ್ಲಿಗೂ ಹೋಗನು, ಮೊದಲು ಆಕೆಯನ್ನು ಕಂಡು ಬನ್ನಿರೆಂದು ಹೇಳಿದ್ದೇನೆ.