ಅಂಗೈ ಗಣಕವೂ ದೇಶವ್ರತದ ಎಲ್ಲೆಯೂ

ಹೊಸ ಸಾಧನವೊಂದು ಬಂದಾಗ ಅದು ಏನೇನು ಮಾಡಬಲ್ಲದೆಂದು ಲೋಕ ಕೇಳುತ್ತದೆ. ಅದರ ಎಲ್ಲೆ ಯಾವುದು, ಆ ಎಲ್ಲೆಯನ್ನು ಹಾಕುವವರು ಯಾರು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ವ್ರತವೆಂದರೆ ಸ್ವಂತ ಇಚ್ಛೆಯಿಂದ ಹಾಕಿಕೊಂಡ ಎಲ್ಲೆ ಎಂದು ತಿಳಿಯುವ ಶ್ರಾವಕ ಪರಂಪರೆಗಾದರೋ ಈ ಪ್ರಶ್ನೆಯೇ ಮೊದಲನೆಯದು. ಅಂಗೈ ಗಣಕವೂ ಸಂಚಾರಿ ದೂರವಾಣಿಯೂ ಬೆಸೆದುಕೊಂಡು ಇಂದಿನ ಸ್ಮಾರ್ಟ್‌ಫೋನ್ ಆದ ಬಗೆಯನ್ನೂ ಮುಂದೆ ಅದು ಹಿಡಿಯುವಂತೆ ತೋರುವ ದಾರಿಯನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಆರಂಭದಲ್ಲಿ ಇವೆರಡೂ ಬೇರೆ ಬೇರೆ ವಸ್ತುಗಳಾಗಿದ್ದವು. 1996ರಲ್ಲಿ ಅಮೆರಿಕದಲ್ಲಿ ಬಂದ ಪಾಮ್ ಪೈಲಟ್ ಅಂಗೈ ಗಣಕಗಳಲ್ಲಿ ಹೆಸರಾದುದು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಇಂಥ ವಸ್ತುವಿನಿಂದ ನಿಜವಾಗಿ ಬೇಕಾಗುವುದೇನೆಂದು ಪರೀಕ್ಷಿಸಿದರು. ದಿನಚರಿ, ವಿಳಾಸ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ ಎಂಬ ನಾಲ್ಕಕ್ಕೆ ನಾಲ್ಕು ಗುಂಡಿಗಳು ಸಾಕೆನಿಸಿದವು. ಎರಡು ಸಣ್ಣ ಬ್ಯಾಟರಿಗಳು ವಾರಗಟ್ಟಲೆ ಬರುತ್ತಿದ್ದವು. ಮೇಜಿನ ಮೇಲಿನ ಕಂಪ್ಯೂಟರಿಗೆ ಜೋಡಿಸಿದ ತೊಟ್ಟಿಲಲ್ಲಿ ಅದನ್ನು ಇರಿಸಿ, ಮನುಷ್ಯನು ತಾನಾಗಿ ಗುಂಡಿಯನ್ನೊತ್ತಿದರೆ ಮಾತ್ರ ಹೊಸ ಮಾಹಿತಿ ಒಳಬರುತ್ತಿತ್ತು. ಮೊಬೈಲಿನ ಕಾರ್ಯವೂ ಹೀಗೆಯೇ ಮಿತವಾಗಿತ್ತು. 1995ರ ಜುಲೈ 31ರಂದು ಜ್ಯೋತಿ ಬಸು ಮತ್ತು ಸುಖ್ ರಾಮ್ ಅವರ ನಡುವೆ ಭಾರತದ ಮೊದಲ ಮೊಬೈಲ್ ಸಂಭಾಷಣೆ ನಡೆದಾಗ ಆ ಯಂತ್ರದ ಕೆಲಸ ಮಾತನ್ನು ಒಯ್ಯುವುದಷ್ಟೇ ಆಗಿತ್ತು.

ಬೆಸುಗೆಯ ಯತ್ನಗಳೂ ಅದೇ ಕಾಲದವು. ಐಬಿಎಂ ಸಂಸ್ಥೆಯ ಸೈಮನ್ 1994ರಲ್ಲಿ ಮಾರುಕಟ್ಟೆಗೆ ಬಂದಿತು. ಅರ್ಧ ಕಿಲೋ ತೂಕದ ಅದು ಮರುವರ್ಷವೇ ಮರೆಯಾಯಿತು. 1996ರ ನೋಕಿಯಾ ಕಮ್ಯುನಿಕೇಟರ್ ಮುಚ್ಚಿದಾಗ ದೂರವಾಣಿ, ತೆರೆದಾಗ ಗಣಕ. ಎರಡರ ನಡುವೆ ಒಂದು ಕೀಲು ಇತ್ತು. ಆ ಕೀಲನ್ನು ಸಾಮಾನ್ಯವೆಂದು ತಿಳಿಯಬಾರದು. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮನುಷ್ಯನು ಕೈಯಾರೆ ದಾಟಬೇಕಾದ ಹೊಸ್ತಿಲು ಅದು. 2002ರಲ್ಲಿ ದೂರವಾಣಿಯನ್ನೂ ಸೇರಿಸಿಕೊಂಡ ಬ್ಲ್ಯಾಕ್‌ಬೆರಿಯಲ್ಲಿ ಹೊಸ್ತಿಲು ಸವೆಯಿತು. ಪತ್ರಗಳು ಕರೆಯದೆಯೇ ತಾವಾಗಿ ಬಂದು ಬೀಳತೊಡಗಿದವು. ಅದನ್ನು ಬಿಟ್ಟಿರಲಾರದವರನ್ನು ಕಂಡು ಜನ ಅದಕ್ಕೆ ಒಂದು ಮಾದಕದ್ರವ್ಯದ ಹೆಸರನ್ನು ಬೆರೆಸಿ ಕ್ರ್ಯಾಕ್‌ಬೆರಿ ಎಂದು ಕರೆದರು. 2006ರಲ್ಲಿ ಅಮೆರಿಕದ ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ನಿಘಂಟು ಅದನ್ನೇ ವರ್ಷದ ಪದವೆಂದು ಆರಿಸಿತು. 2007ರಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಪರಿಚಯಿಸಿದಾಗ ಸಂಗೀತ, ದೂರವಾಣಿ, ಅಂತರಜಾಲ ಎಂಬ ಮೂರು ಸಾಧನಗಳು ಒಂದಾದುದನ್ನೇ ಅದರ ಹಿರಿಮೆಯೆಂದು ಸಾರಿದರು. ಅಲ್ಲಿಗೆ ಹೊಸ್ತಿಲು ಪೂರ್ಣವಾಗಿ ಅಳಿಯಿತು.

ಅನೇಕಾಂತ ದೃಷ್ಟಿಯುಳ್ಳವರು ಇದರ ಒಂದು ಮುಖವನ್ನಷ್ಟೇ ನೋಡಿ ತೀರ್ಪು ನೀಡಲಾರರು. ಗಡಿಯಾರ, ಕ್ಯಾಮರಾ, ರೇಡಿಯೋ, ಟಾರ್ಚು, ಭೂಪಟ, ಲೆಕ್ಕದ ಯಂತ್ರ ಇವೆಲ್ಲವೂ ಒಂದರಲ್ಲಿ ಅಡಗಿದ್ದರಿಂದ ಮನೆಯ ವಸ್ತುಗಳ ಸಂಖ್ಯೆ ಇಳಿದಿದೆ. ಪರದೆಯ ಮೇಲಿನದನ್ನು ಓದಿ ಹೇಳುವ ಸೌಲಭ್ಯದಿಂದ ದೃಷ್ಟಿಹೀನರಿಗೆ ಬರಹದ ಲೋಕ ತೆರೆದಿದೆ. ದೂರದೇಶದಲ್ಲಿರುವ ಮಕ್ಕಳು ತಾಯಿತಂದೆಯರ ಮುಖವನ್ನು ದಿನವೂ ಕಾಣುತ್ತಾರೆ. ಈ ನಯದಿಂದ ನೋಡಿದರೆ ಬೆಸುಗೆ ಉಪಕಾರಿಯೇ ಸರಿ.

ಆದರೆ ವಸ್ತುಗಳು ಕಡಿಮೆಯಾದುದರಿಂದಲೇ ಪರಿಗ್ರಹವೂ ಕಡಿಮೆಯಾಯಿತೆಂದು ಹೇಳಲು ಬರುವುದಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹದ ಲಕ್ಷಣವನ್ನು ವಸ್ತುವಿನ ಎಣಿಕೆಯಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ, ಹೇಳಿದ್ದಾರೆ. ಹತ್ತು ವಸ್ತುಗಳ ಮೇಲೆ ಹರಡಿದ್ದ ಮಮತ್ವ ಒಂದರ ಮೇಲೆ ಕ್ರೋಢೀಕರಿಸಿದಾಗ ಅದು ಇನ್ನಷ್ಟು ದಟ್ಟವಾಗುತ್ತದೆ. ಗಡಿಯಾರ ಕಳೆದುಹೋದರೆ ಬೇಸರಗೊಳ್ಳುತ್ತಿದ್ದವನು ಇಂದು ಫೋನು ಕಾಣದಿದ್ದರೆ ಕಂಗಾಲಾಗುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಅಂಶವೊಂದಿದೆ. ಗುಣವ್ರತಗಳಲ್ಲಿ ದಿಗ್ವ್ರತವು ಜೀವನಪರ್ಯಂತ ಸಂಚಾರಕ್ಕೆ ಮಿತಿ ಹಾಕಿದರೆ, ದೇಶವ್ರತವು ನಿಯತ ಕಾಲಕ್ಕೆ ಇನ್ನೂ ಚಿಕ್ಕ ಮಿತಿಯನ್ನು ಹಾಕುತ್ತದೆ. ಇಂದು ಈ ಮನೆಯ ಅಥವಾ ಈ ಬೀದಿಯ ಎಲ್ಲೆಯನ್ನು ದಾಟುವುದಿಲ್ಲ ಎಂಬ ಸಂಕಲ್ಪ ಅದು. ಇದಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ದೇಹ ಎಲ್ಲೆಯೊಳಗೇ ಇದ್ದು ಮನಸ್ಸು ಹೊರಗೆ ವ್ಯವಹರಿಸುವ ಉಪಾಯಗಳು ಅವು. ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ಇನ್ನೊಬ್ಬನನ್ನು ಅಟ್ಟಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿಯೋ ಕೂಗಿಯೋ ಹೊರಗಿನವರಿಗೆ ದನಿ ಮುಟ್ಟಿಸುವುದು ಶಬ್ದಾನುಪಾತ. ತನ್ನ ಆಕೃತಿಯನ್ನು ತೋರಿಸಿ ಸೂಚನೆ ಕೊಡುವುದು ರೂಪಾನುಪಾತ. ಕಲ್ಲು ಮುಂತಾದುದನ್ನು ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ.

ಇಂದಿನ ಫೋನಿನ ಕೆಲಸಗಳನ್ನು ಈ ಪಟ್ಟಿಯ ಪಕ್ಕದಲ್ಲಿರಿಸಿ ನೋಡಬೇಕು. ಕುಳಿತಲ್ಲಿಗೇ ಸರಕು ತರಿಸುವುದು, ಯಾರನ್ನೋ ಬೈಕಿನಲ್ಲಿ ಓಡಿಸುವುದು, ಮಾತನಾಡುವುದು, ವಿಡಿಯೋದಲ್ಲಿ ಮುಖ ತೋರಿಸುವುದು, ಒಮ್ಮೆ ಬಾರಿಸಿ ಕತ್ತರಿಸುವ ಮಿಸ್ಡ್ ಕಾಲಿನಿಂದ ಸೂಚನೆ ಕೊಡುವುದು. ಹಿಂದೆ ಐದು ಬಗೆಯ ಯತ್ನ ಬೇಕಾಗುತ್ತಿದ್ದ ಐದು ಅತಿಚಾರಗಳಿಗೂ ಈಗ ಒಂದು ಬೆರಳು ಸಾಕು. ಪಾಮ್ ಪೈಲಟ್ ತನ್ನ ಮಿತಿಯಿಂದಲೇ ಒಡೆಯನಿಗೊಂದು ಎಲ್ಲೆಯನ್ನು ಒದಗಿಸುತ್ತಿತ್ತು. ಬೆಸೆದ ಸಾಧನವು ಆ ಎಲ್ಲೆಯನ್ನು ತೆಗೆದು, ಎಲ್ಲೆ ಹಾಕುವ ಹೊಣೆಯನ್ನೆಲ್ಲ ಮನುಷ್ಯನ ಇಚ್ಛಾಶಕ್ತಿಯ ಮೇಲೆ ಹೊರಿಸಿದೆ; ಅದೇ ವೇಳೆಗೆ ಕ್ಷಣಕ್ಷಣದ ಸೂಚನೆಗಳಿಂದ ಆ ಇಚ್ಛಾಶಕ್ತಿಯನ್ನೇ ಕುಗ್ಗಿಸುತ್ತಿದೆ. ಈ ವಿನ್ಯಾಸದ ಮುಖ್ಯ ದೋಷ ಇದೇ.

ಬೆಸುಗೆಗೆ ಹಿಂಸೆಯ ಮುಖವೂ ಉಂಟು. ಹಲವು ಸಾಧನಗಳಿದ್ದಾಗ ಒಂದು ಕೆಟ್ಟರೆ ಒಂದನ್ನೇ ಬದಲಿಸಿದರೆ ಸಾಕಿತ್ತು. ಈಗ ಅಂಟಿಸಿದ ಬ್ಯಾಟರಿ ಸೋತರೆ ಗಡಿಯಾರ, ಕ್ಯಾಮರಾ, ದೂರವಾಣಿ ಎಲ್ಲವೂ ಒಟ್ಟಿಗೆ ಕಸವಾಗುತ್ತವೆ. ಆ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋದಿಂದ ಬರುತ್ತದೆ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ವರದಿ ಮಾಡಿತು. ಕೃತ, ಕಾರಿತ, ಅನುಮೋದನ ಎಂದು ಹಿಂಸೆಯ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುವ ಧರ್ಮದವರಿಗೆ, ಕೆಡದ ಫೋನನ್ನು ಹೊಸದರ ಆಸೆಗಾಗಿ ಎಸೆಯುವುದು ಹಣದ ಅಪವ್ಯಯವಷ್ಟೇ ಆಗಲಾರದು.

ಬೇರೆ ವಿನ್ಯಾಸ ಸಾಧ್ಯವಿತ್ತೇ? ಸಾಧ್ಯವಿತ್ತು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಆ ಅಂಗೈ ಗಣಕದಲ್ಲಿ ಸ್ಮಾರ್ಟ್ ಕಾರ್ಡಿಗೆ ಒಂದು ಸೀಳು ಇತ್ತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬಹುದು, ಪ್ರತಿಯೊಬ್ಬರ ಮಾಹಿತಿ ಅವರವರ ಕಾರ್ಡಿನಲ್ಲಿ ಉಳಿಯುತ್ತದೆ ಎಂಬುದು ಅದರ ಹಿಂದಿನ ಆಲೋಚನೆ. ಸ್ವಾಮ್ಯವಿಲ್ಲದ ಉಪಯೋಗವೆಂಬ ಕಲ್ಪನೆ ಅಪರಿಗ್ರಹಕ್ಕೆ ಎಷ್ಟು ಹತ್ತಿರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿರೀಕ್ಷಿಸಿದಷ್ಟು ಮಾರಾಟವಾಗದೆ ಅದು ಹಿಂದೆ ಸರಿಯಿತು. ತಲೆಗೊಂದು ಫೋನು ಎಂಬ ಮಾದರಿಯೇ ಗೆದ್ದಿತು.

ಮುಂದಿನ ಹಾದಿ ಇನ್ನೂ ಒಂದು ಹೆಜ್ಜೆ ಒಳಗೆ ಸಾಗುತ್ತಿದೆ. ಉಡುಪಿಗೆ ಸಿಕ್ಕಿಸಿಕೊಳ್ಳುವ ಹ್ಯೂಮೇನ್ ಎಐ ಪಿನ್ 2024ರಲ್ಲಿ ಬಂದು 2025ರ ಫೆಬ್ರುವರಿಯಲ್ಲೇ ನಿಂತುಹೋಯಿತು. ಆದರೂ ಕ್ಯಾಮರಾ ಅಡಗಿಸಿದ ಕನ್ನಡಕಗಳೂ ಕಿವಿಯಲ್ಲಿ ಕುಳಿತು ಮಾತನಾಡುವ ಸಾಧನಗಳೂ ಮಾರಾಟವಾಗುತ್ತಿವೆ. ಫೋನನ್ನಾದರೂ ಕೈಯಿಂದ ಕೆಳಗಿಡಬಹುದು. ಕಣ್ಣು ಕಿವಿಗಳಿಗೆ ಅಂಟಿದ ಸಾಧನವನ್ನು ಕೆಳಗಿಡಬೇಕೆಂಬ ನೆನಪೂ ಆಗದಿರಬಹುದು. ಇಂಥವನ್ನು ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ವಿವೇಕ: ಬೇಡವಾದ ಕೆಲಸವನ್ನಷ್ಟೇ ಇದರಲ್ಲಿ ಆರಿಸಿಡಲು ಬರುತ್ತದೆಯೇ? ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದೇ? ಮನೆಯವರು ಹಂಚಿಕೊಳ್ಳಬಹುದೇ?

ಬಸದಿಗಳ ಆಡಳಿತ ಮಂಡಳಿಗಳ ಹೊಣೆ ಇನ್ನೂ ದೊಡ್ಡದು. ಪಂಚಾಂಗ, ಪೂಜೆಯ ಚೀಟಿ, ಪರ್ವದ ಆಮಂತ್ರಣ, ಕಾಣಿಕೆ ಎಲ್ಲವನ್ನೂ ಫೋನಿಗೆ ಸಾಗಿಸುವುದು ಸುಲಭ, ಅಗ್ಗ. ಆದರೆ ಫೋನಿನಲ್ಲಿ ಮಾತ್ರ ದೊರೆಯುವಂತೆ ಮಾಡಿದ ದಿನ, ಫೋನು ಬೇಡವೆಂದು ಪರಿಮಾಣ ಮಾಡಿಕೊಂಡ ಶ್ರಾವಕನಿಗೂ ಕೊಳ್ಳಲಾಗದ ಬಡವನಿಗೂ ವೃದ್ಧರಿಗೂ ಬಸದಿಯ ಬಾಗಿಲು ಅಷ್ಟರಮಟ್ಟಿಗೆ ಮುಚ್ಚುತ್ತದೆ. ಅಪರಿಗ್ರಹವನ್ನು ಬೋಧಿಸುವ ಸ್ಥಳವೇ ಒಂದು ಪರಿಗ್ರಹವನ್ನು ಕಡ್ಡಾಯಗೊಳಿಸಿದಂತಾಗುತ್ತದೆ. ಕ್ಯೂಆರ್ ಸಂಕೇತದ ಪಕ್ಕದಲ್ಲಿ ಹುಂಡಿ, ವಾಟ್ಸ್ಆ್ಯಪ್ ಸಂದೇಶದ ಜೊತೆಗೆ ಸೂಚನಾ ಫಲಕ, ಅಚ್ಚಾದ ಪಂಚಾಂಗ ಇವು ಉಳಿಯಬೇಕು.

ಕುಟುಂಬಗಳಿಗೆ ದೇಶವ್ರತವು ಸಿದ್ಧವಾದ ಮಾರ್ಗವನ್ನೇ ತೋರಿಸಿದೆ. ಎರಡು ಘಳಿಗೆಯ, ಅಂದರೆ 48 ನಿಮಿಷಗಳ ಸಾಮಾಯಿಕದಲ್ಲಿ, ಊಟದ ಹೊತ್ತಿನಲ್ಲಿ, ದಶಲಕ್ಷಣ ಪರ್ವದ ದಿನಗಳಲ್ಲಿ ಇಷ್ಟು ಕಾಲ, ಇಷ್ಟು ಸ್ಥಳ ಎಂದು ನಿರ್ಧರಿಸಿ ಫೋನನ್ನು ಎಲ್ಲೆಯ ಹೊರಗಿರಿಸಬಹುದು. ಹಿರಿಯರು ಮೊದಲು ಆಚರಿಸಿದರೆ ಮಕ್ಕಳಿಗೆ ಉಪದೇಶ ಬೇಕಾಗುವುದಿಲ್ಲ. ಯಂತ್ರದೊಳಗೆ ಅಳಿದುಹೋದ ಹೊಸ್ತಿಲನ್ನು ಮನೆಯೊಳಗೆ ಮತ್ತೆ ಕಟ್ಟುವ ಕೆಲಸ ಅವರದು.