ಅದಿರಿನ ದಾರಿಗೆ ಎದುರಾಗಿ

ಕೆಮ್ಮಣ್ಣುಗುಂಡಿಗೆ ಸೈಕಲ್ ಹೊಡೆಯುವವರು ಸಾಮಾನ್ಯವಾಗಿ ಬೀರೂರಿನಲ್ಲೋ ತರೀಕೆರೆಯಲ್ಲೋ ರೈಲಿಳಿದು, ಲಿಂಗದಹಳ್ಳಿ ದಾರಿ ಹಿಡಿದು, ಘಟ್ಟ ಯಾವಾಗ ಶುರುವಾಗುತ್ತದೆಂದು ಕಾಯುತ್ತಾರೆ. ಏರು ಸಿಕ್ಕರೆ ಸಾಕು, ಅಲ್ಲಿಯವರೆಗಿನದು ಬರೀ ರಸ್ತೆ ಎಂಬ ಲೆಕ್ಕ. ನನ್ನ ಪ್ರಕಾರ ಆ ಸವಾರಿ ಶುರುವಾಗಬೇಕಾದ್ದು ಭದ್ರಾವತಿಯಲ್ಲಿ, ಉಕ್ಕಿನ ಕಾರ್ಖಾನೆಯ ಎದುರಿನಲ್ಲಿ. ಬೆಟ್ಟದಲ್ಲಿ ಅಗೆದ ಅದಿರು ಎಲ್ಲಿಗೆ ಬಂದು ಮುಟ್ಟುತ್ತಿತ್ತೋ ಅಲ್ಲಿಂದ ಹೊರಟು, ಅದು ಹೊರಡುತ್ತಿದ್ದ ಜಾಗಕ್ಕೆ ಏರಬೇಕು. ಹಾಗೆ ಹೋದಾಗ, ದಾರಿ ಇಷ್ಟು ದೂರ ಯಾಕೆ ಸೌಮ್ಯವಾಗಿದೆ, ಒಂದೆಡೆ ಯಾಕೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ ಎನ್ನುವುದು ಕಾಲಿಗೇ ಅರ್ಥವಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಬೇಕಾದಷ್ಟಿತ್ತು, ಕಲ್ಲಿದ್ದಲು ಇರಲಿಲ್ಲ. ಕಲ್ಲಿದ್ದಲಿಲ್ಲದೆ ಕಬ್ಬಿಣ ಕರಗಿಸುವುದು ಹೇಗೆ? ಕಾಡಿನ ಸೌದೆಯನ್ನೇ ಇದ್ದಿಲು ಮಾಡಿ ಊದುಕುಲುಮೆಗೆ ಹಾಕಬಹುದೇ ಎಂದು ನ್ಯೂಯಾರ್ಕಿನ ತಜ್ಞ ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಲಾಯಿತು. ಆಗ ಬೆಂಕಿಪುರ ಎಂದಿದ್ದ ಊರನ್ನು ಆರಿಸಿದ್ದಕ್ಕೆ ಕಾರಣಗಳು ಈಗಲೂ ಕಣ್ಣಿಗೆ ಕಾಣುತ್ತವೆ: ಪಕ್ಕದಲ್ಲಿ ಭದ್ರಾ ನದಿ, ಸುತ್ತ ಕಾಡು, ಊರೊಳಗೆ ಹಾದುಹೋಗುವ ಬೀರೂರು–ಶಿವಮೊಗ್ಗ ರೈಲು, ಮತ್ತು ದಕ್ಷಿಣದಲ್ಲಿ ಬಾಬಾಬುಡನ್ ಬೆಟ್ಟಸಾಲು. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಶುರು ಮಾಡಿತು. ಇದ್ದಿಲು ಸುಡುವಾಗ ಹೊರಡುವ ಹೊಗೆಯನ್ನೂ ವ್ಯರ್ಥವಾಗಲು ಬಿಡದೆ, ಅದನ್ನು ಬಟ್ಟಿ ಇಳಿಸಿ ಟಾರು, ಮೆಥನಾಲ್ ತೆಗೆಯುವ ಘಟಕವೂ ಇಲ್ಲಿತ್ತು. ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು 1929ರವರೆಗೆ ಇದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ನಷ್ಟದಲ್ಲಿದ್ದ ಕಾರ್ಖಾನೆಯನ್ನು ಕೈಹಿಡಿದು ನಡೆಸಿದರು.

ಅದಿರಿನ ಪಯಣ ಎರಡು ಹಂತದ್ದು. ಕೆಮ್ಮಣ್ಣುಗುಂಡಿಯ ಗಣಿಯಿಂದ ರೋಪ್‌ವೇ ತೊಟ್ಟಿಗಳಲ್ಲಿ ಕಾಡಿನ ಮೇಲೆ ತೇಲಿಕೊಂಡು ಬೆಟ್ಟದ ಬುಡದ ತಣಿಗೆಬೈಲಿಗೆ. ಅಲ್ಲಿಂದ ಕಿರುಗೇಜಿನ ಟ್ರಾಂ ಹಳಿಯ ಮೇಲೆ ಭದ್ರಾವತಿಗೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ನೂರು ಅಡಿಗೆ ಮೂರ್ನಾಲ್ಕು ಅಡಿ ಏರು ಬಂದರೂ ಪುಟ್ಟ ಎಂಜಿನ್ ತಿಣುಕುತ್ತದೆ. ಹಾಗಾಗಿ ಹಳಿ ಹಾಕುವವರು ನೆಲದ ಸಪಾಟನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಳಿ ಎಲ್ಲಿ ಕೈಚೆಲ್ಲಿತೋ ಅಲ್ಲಿ ಹಗ್ಗ ಕೆಲಸಕ್ಕೆ ಬಂತು. ನಮ್ಮ ಗೇರೂ ಆ ಸುತ್ತಿನಲ್ಲೇ ಬದಲಾಗುತ್ತದೆ.

ಭದ್ರಾವತಿಯಿಂದ ಬೆಂಗಳೂರು–ಹೊನ್ನಾವರ ಹೆದ್ದಾರಿ ಹಿಡಿದರೆ ತರೀಕೆರೆ ಬೇಗ ಸಿಗುತ್ತದೆ. ಬೇಡ. ಲಾರಿಗಳ ಗಾಳಿಗೆ ಮೈಯೊಡ್ಡಿ ಗಳಿಸುವಂಥದ್ದು ಅಲ್ಲೇನೂ ಇಲ್ಲ. ಬಿ.ಆರ್. ಪ್ರಾಜೆಕ್ಟ್ ರಸ್ತೆಗೆ ತಿರುಗಿ. ನಾಲೆ, ಗದ್ದೆ, ಅಡಿಕೆ ತೋಟ. ಪೆಡಲ್ ಒಂದೇ ಲಯದಲ್ಲಿ ತಿರುಗುತ್ತದೆ. ಲಕ್ಕವಳ್ಳಿಯಲ್ಲಿ 1960ರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಓಡುತ್ತಿದ್ದ ಪುಟ್ಟ ರೈಲಿನ ದಾರಿಯನ್ನು ಮುಳುಗಿಸಿದ್ದು ಇದೇ ನೀರು. ಅಣೆಕಟ್ಟು ನೋಡಲು ಬರುವವರಲ್ಲಿ ಆ ರೈಲನ್ನು ನೆನೆಯುವವರು ಕಡಿಮೆ. ಮಲೆನಾಡಿನ ಆ ಅಂಚಿಗೆ ಬಸ್ಸು ಬರುವ ಮುಂಚೆ ಬಂದದ್ದು ಅದೇ.

ಲಕ್ಕವಳ್ಳಿ ದಾಟಿ ರಂಗೇನಹಳ್ಳಿ ಕಡೆಗೆ ಹೋಗುವಾಗ ಬಲಗಡೆ ಭದ್ರಾ ಅಭಯಾರಣ್ಯ. ಆನೆ ಓಡಾಡುವ ಸೀಮೆ, ಬಿಸಿಲು ಬಿದ್ದ ಮೇಲೇ ಈ ಭಾಗಕ್ಕೆ ಬರಬೇಕು. ಇಂದು ಹುಲಿ ಸಂರಕ್ಷಿತ ಪ್ರದೇಶವಾಗಿರುವ ಈ ಸುತ್ತಲಿನ ಕಾಡುಗಳಿಂದಲೇ ಕುಲುಮೆಗೆ ಸೌದೆ ಹೋಗುತ್ತಿತ್ತು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನ ಬಲದಿಂದ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದಾಗ ಕಾಡಿನ ಮೇಲಿನ ಭಾರ ಇಳಿಯಿತು. ಶರಾವತಿಯ ನೀರು ಭದ್ರೆಯ ದಂಡೆಯ ಮರಗಳನ್ನು ಉಳಿಸಿತೆಂದರೆ ಹೆಚ್ಚಿನ ಮಾತೇನಲ್ಲ. ರಸ್ತೆ ಬದಿಯ ತೇಗದ ನೆರಳಿನಲ್ಲಿ ಹೋಗುವಾಗ ಇದು ತಿಳಿದಿದ್ದರೆ ನೆರಳಿನ ಬೆಲೆ ತಿಳಿಯುತ್ತದೆ.

ಲಿಂಗದಹಳ್ಳಿಯಲ್ಲಿ ತಿಂಡಿ ಮುಗಿಸಿ. ಕೆಮ್ಮಣ್ಣುಗುಂಡಿಯ ಎತ್ತರ 1,434 ಮೀಟರ್. ತಪ್ಪಲಿನ ಊರುಗಳು ಅದರ ಸುಮಾರು ಅರ್ಧದಷ್ಟು ಎತ್ತರದಲ್ಲಿವೆ. ಉಳಿದ ಅರ್ಧವನ್ನು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಏರಬೇಕು. ಸರಾಸರಿ ಲೆಕ್ಕ ಹಾಕಿದರೆ ಇಳಿಜಾರು ಅಂಥ ಭಯಂಕರವೇನಲ್ಲ. ಆದರೆ ಸರಾಸರಿಯ ಮೇಲೆ ಯಾರೂ ಸೈಕಲ್ ಹೊಡೆಯುವುದಿಲ್ಲ. ಕಲ್ಲತ್ತಿಗಿರಿಯವರೆಗೆ ರಸ್ತೆ ಸಮಾಧಾನದಿಂದ ಏರುತ್ತದೆ, ಆಮೇಲೆ ಕಾಫಿ ತೋಟ ಮತ್ತು ಕಾಡಿನ ನಡುವೆ ತಿರುವಿನ ಮೇಲೆ ತಿರುವು. ತಿರುವಿನ ಒಳಮಗ್ಗುಲು ಹಿಡಿದವರಿಗೆ ನಾಲ್ಕು ಪೆಡಲ್‌ಗಳಷ್ಟೇ ದೂರ, ಆದರೆ ಗೋಡೆಯಂಥ ಏರು; ಹೊರಮಗ್ಗುಲು ಹಿಡಿದರೆ ಹಾದಿ ಉದ್ದ, ಉಸಿರು ಉಳಿಯುತ್ತದೆ. ಎದುರಿಂದ ಜೀಪು ಬಾರದಿದ್ದರೆ ಮಾತ್ರ ಹೊರಮಗ್ಗುಲಿನ ಆಸೆ ಇಟ್ಟುಕೊಳ್ಳಿ. ಮುಂದೆ 50–34 ಹಲ್ಲಿನ ಕ್ರ್ಯಾಂಕು, ಹಿಂದೆ 34 ಹಲ್ಲಿನ ಚಕ್ರ ಇದ್ದರೆ ಕೂತೇ ಹತ್ತಬಹುದು. ಟೈರು 28 ಮಿಲಿಮೀಟರಿಗಿಂತ ಸಪೂರ ಬೇಡ, 32 ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಲ ಕಳೆದ ಮೇಲೆ ಈ ರಸ್ತೆಯ ಅಂಚು ಎಲ್ಲೆಲ್ಲಿ ಕಿತ್ತಿರುತ್ತದೆಂದು ಮೊದಲೇ ಹೇಳಲಾಗದು.

ಕಲ್ಲತ್ತಿಗಿರಿಯಲ್ಲಿ ನಿಲ್ಲದೆ ಹೋಗಬೇಡಿ. ಜಲಪಾತದ ನೀರು ಬಂದು ಬೀಳುವುದೇ ವೀರಭದ್ರನ ಗುಡಿಯ ಬಳಿ, ಕಲ್ಲಾನೆಗಳ ಮಗ್ಗುಲಲ್ಲಿ. ಮುಖ ತೊಳೆದು ಬಾಟಲಿ ತುಂಬಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ. ಬರೀ ಕುಡಿಯಲಿಕ್ಕಲ್ಲ.

ಮೇಲಿನ ತಿರುವುಗಳಲ್ಲಿ ರಸ್ತೆಗಾಗಿ ಗುಡ್ಡ ಕಡಿದ ಕಡೆ ಕೆಂಪು ಮಣ್ಣಿನೊಳಗಿಂದ ಕಪ್ಪು ಬಂಡೆ ಇಣುಕುತ್ತದೆ. ಬಾಟಲಿಯ ನೀರನ್ನು ಅದರ ಮೇಲೆ ಹನಿಸಿ ನೋಡಿ. ಧೂಳು ಹೋದ ಕೂಡಲೇ ಪಟ್ಟೆಗಳು ಮೂಡುತ್ತವೆ: ಬೆರಳಿನ ಉಗುರಿಗಿಂತ ತೆಳುವಾದ ಒಂದು ಕಪ್ಪು, ಒಂದು ಬೂದಿ, ಒಂದು ಇಟ್ಟಿಗೆ ಕೆಂಪು, ಮತ್ತೆ ಕಪ್ಪು. ಕೆಲವು ಕಡೆ ಪಟ್ಟೆಗಳು ನೆಟ್ಟಗಿವೆ, ಕೆಲವು ಕಡೆ ಮಡಚಿ ಸುರುಳಿಯಾಗಿವೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ ಇದು. ಕೆಳಗೆ ಬಿದ್ದ ಚೂರೊಂದನ್ನು ಕೈಗೆತ್ತಿಕೊಂಡರೆ ಆ ಗಾತ್ರದ ಕಲ್ಲಿಗೆ ಸಲ್ಲದ ಭಾರ. ಒರಟು ಕಲ್ಲಿಗೆ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ಹೆಮಟೈಟ್ ಅದಿರಿನ ಗುರುತು ಅದು. ಅದೇ ಕಲ್ಲು ಮಳೆಯಲ್ಲಿ ತೊಯ್ದು, ಸಿಲಿಕಾ ಕರಗಿ ಹೋದ ಕಡೆಗಳಲ್ಲಿ ಕಬ್ಬಿಣದ ಪಾಲು ಹೆಚ್ಚುತ್ತಾ ಬಂದು ಅಗೆಯಲು ಯೋಗ್ಯವಾದ ಅದಿರಾಯಿತು. ಮೇಲೆ ಗಿರಿಧಾಮದ ಹೂದೋಟದಲ್ಲಿ ಕುಳಿತು ಸೂರ್ಯಾಸ್ತ ನೋಡುವವರು ಬೆಟ್ಟದ ಅರ್ಧವನ್ನಷ್ಟೇ ನೋಡಿರುತ್ತಾರೆಂದು ನನಗನಿಸುವುದು ಈ ಕಲ್ಲಿನಿಂದಾಗಿ.

ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಅದುಮಿಕೊಂಡು ಬರಬೇಡಿ, ರಿಮ್ ಬ್ರೇಕಾದರೆ ರಿಮ್ಮು ಕಾದು ಟ್ಯೂಬು ಸಿಡಿಯಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಸಡಿಲ ಬಿಡಿ. ಕೆಮ್ಮಣ್ಣುಗುಂಡಿಯಿಂದ ಅತ್ತಿಗುಂಡಿ ಕಡೆಗೆ ಸಾಗುವ ದಾರಿ ರೋಡ್ ಬೈಕಿಗೆ ಹೇಳಿಸಿದ್ದಲ್ಲ, ಬಂದ ದಾರಿಯಲ್ಲೇ ಇಳಿಯುವುದು ಕ್ಷೇಮ.

ಇದೇ ಭದ್ರೆಯ ಮೇಲ್ಮಗ್ಗುಲಲ್ಲಿ ಕಬ್ಬಿಣದ ಇನ್ನೊಂದು ದಾರಿ ಇದೆ. ಕಾರ್ಕಳದಿಂದ ಬಜಗೋಳಿ, ಮಾಳ, ಎಸ್.ಕೆ. ಬಾರ್ಡರ್ ಹತ್ತಿ ಕುದುರೆಮುಖ, ಸಂಸೆ, ಕಳಸ. ರಸ್ತೆಯ ಸೊಬಗನ್ನಷ್ಟೇ ನೋಡುವುದಾದರೆ ರಾಜ್ಯದಲ್ಲಿ ಇದಕ್ಕಿಂತ ಚೆಂದದ್ದನ್ನು ನಾನು ತುಳಿದಿಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಹಳಿಯನ್ನೂ ಹಗ್ಗವನ್ನೂ ನಂಬಲಿಲ್ಲ. ಮ್ಯಾಗ್ನಟೈಟ್ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರಿನ ಕೊಳವೆಯಲ್ಲಿ ಮಂಗಳೂರಿನ ಬಂದರಿನ ಕಡೆಗೆ ಹರಿಸಿತು. ತ್ಯಾಜ್ಯದ ಕೆಸರು ಹಿಡಿದಿಡಲು ಲಖ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಆ ತೀರ್ಪಿನಿಂದ ಶೋಲಾ ಕಾಡು ಉಳಿಯಿತು, ಅದು ಸರಿಯಾದದ್ದೇ. ಆದರೆ ಗಣಿಯ ಊರಿನ ಖಾಲಿ ಮನೆಗಳ ಪಕ್ಕ ಹಾಯುವಾಗ ಅಲ್ಲಿ ದುಡಿದು ಬಾಳಿದವರ ನೆನಪೂ ಬರಬೇಕು. ರಾಷ್ಟ್ರೀಯ ಉದ್ಯಾನದೊಳಗೆ ಚೆಕ್‌ಪೋಸ್ಟಿನವರು ಹೇಳಿದಂತೆ ನಡೆಯಿರಿ, ಹಗಲಲ್ಲೇ ದಾಟಿ.

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ 1831ರಲ್ಲಿ ಪೂರ್ತಿಯಾದ ಕ್ರಾಂಫರ್ಡ್–ಹೈ ಪೀಕ್ ರೈಲಿನದೂ ಹಳಿ–ಹಗ್ಗದ ಕಥೆಯೇ. ಎಂಟಡಿಗೆ ಒಂದಡಿ ಏರುವ ಕಡಿದಾದ ಜಾಗದಲ್ಲಿ ವ್ಯಾಗನ್ನುಗಳನ್ನು ಮೇಲಿನ ಉಗಿಯಂತ್ರ ಹಗ್ಗದಿಂದ ಎಳೆಯುತ್ತಿತ್ತು. 1967ರಲ್ಲಿ ಮಾರ್ಗ ಮುಚ್ಚಿದ ಮೇಲೆ ಅದರ ಬಹುಭಾಗ ಸೈಕಲ್ ದಾರಿಯಾಯಿತು, ಮಿಡಲ್ಟನ್ ಟಾಪಿನ ಯಂತ್ರವನ್ನೂ ಕಾಪಾಡಿದ್ದಾರೆ. ಅಲ್ಲಿ ಆದದ್ದು ಇಲ್ಲೂ ಆಗಬಾರದೇಕೆ? ಭದ್ರಾವತಿಯ ಕಾರ್ಖಾನೆ ನೂರು ತುಂಬಿದ 2023ರಲ್ಲೇ ಮುಚ್ಚುವ ತೀರ್ಮಾನದ ಸುದ್ದಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದು ಹೋರಾಡಿದರು, ಅದೇ ವರ್ಷ ಬಾರ್ ಮಿಲ್ಲು ಮತ್ತೆ ಚಾಲೂ ಆಯಿತು. ಕುಲುಮೆ ಉರಿಯಲಿ ಎಂಬುದು ಮೊದಲ ಆಸೆ. ಅದರ ಜೊತೆಗೆ, ಭದ್ರಾವತಿಯಿಂದ ಲಕ್ಕವಳ್ಳಿ, ತಣಿಗೆಬೈಲು, ಲಿಂಗದಹಳ್ಳಿ ಮಾರ್ಗವಾಗಿ ಕೆಮ್ಮಣ್ಣುಗುಂಡಿಯವರೆಗೆ ಅದಿರಿನ ದಾರಿ ತೋರಿಸುವ ಫಲಕಗಳಾದರೂ ನಿಲ್ಲಲಿ. ಹಳಿ ಎಲ್ಲಿತ್ತು, ರೋಪ್‌ವೇ ಕಂಬ ಎಲ್ಲಿ ನಿಂತಿತ್ತು ಎಂದು ಬೆರಳು ತೋರಿ ಹೇಳಬಲ್ಲ ನಿವೃತ್ತ ನೌಕರರು ಭದ್ರಾವತಿಯ ಕಾಲೊನಿಗಳಲ್ಲಿ ಇರುವಾಗಲೇ ಆ ಕೆಲಸ ಆಗಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಸವಾರಿಗೆ ಒಳ್ಳೆಯ ಕಾಲ. ಈ ಸಲ ಹೊರಡುವವರು ಪೆಡಲ್ ಮೇಲೆ ಕಾಲಿಡುವ ಮುಂಚೆ, ಕಾರ್ಖಾನೆಯ ಎದುರಿನ ಯಾವುದಾದರೂ ಟೀ ಅಂಗಡಿಯಲ್ಲಿ ಕುಳಿತು ಅಂಥ ಹಿರಿಯರೊಬ್ಬರನ್ನು ಮಾತಿಗೆಳೆಯಿರಿ.