ಚೌಕಿಯ ಚೆಲುವು

ಯಕ್ಷಗಾನದ ರಂಗಸ್ಥಳ ಬೆಳಗಬೇಕಾದರೆ ನೇಪಥ್ಯದ ಚೌಕಿ ಅಚ್ಚುಕಟ್ಟಾಗಿರಬೇಕು. ಕಿರೀಟ, ಗೆಜ್ಜೆ, ಬಣ್ಣ ಎಲ್ಲವೂ ಕೈಗೆಟುಕುವಲ್ಲಿರಬೇಕು. ಹಾಡು ಕೇಳಿಸುವ ಸ್ವೀಡನ್ನಿನ ಸ್ಪಾಟಿಫೈ ಸಂಸ್ಥೆ ತನ್ನ ಎಂಜಿನಿಯರುಗಳಿಗಾಗಿ ಕಟ್ಟಿಕೊಂಡ ‘ಬ್ಯಾಕ್‌ಸ್ಟೇಜ್’ ಎಂಬ ಪೋರ್ಟಲ್ ಅಂಥದೇ ಒಂದು ಚೌಕಿ. ಹೆಸರಿನ ಅರ್ಥವೂ ನೇಪಥ್ಯವೇ.

ತಂಡಗಳು ಹೆಚ್ಚಿದಂತೆ ಯಾವ ತಂತ್ರಾಂಶ ಸರ್ವಿಸ್ ಯಾರದು, ಅದರ ವಿವರ ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಬ್ಯಾಕ್‌ಸ್ಟೇಜ್‌ನ ಕ್ಯಾಟಲಾಗ್ ಈ ಗೋಜಲನ್ನು ಬಿಡಿಸುತ್ತದೆ. ಪ್ರತಿ ಸರ್ವಿಸ್‌ನ ಕೋಡ್ ಜೊತೆಗೇ ಒಂದು ಪುಟ್ಟ ವೈಎಎಂಎಲ್ ಕಡತ. ಅದರಲ್ಲಿ ಹೊಣೆ ಹೊತ್ತ ತಂಡದ ಹೆಸರು. ಹೊಸದನ್ನು ಶುರುಮಾಡಲು ಟೆಂಪ್ಲೇಟ್ ಇದೆ: ನಾಲ್ಕಾರು ವಿವರ ತುಂಬಿದರೆ ರೆಪಾಸಿಟರಿಯೇ ಸಿದ್ಧ. ಕೈಪಿಡಿಯನ್ನೂ ಕೋಡ್ ಪಕ್ಕದಲ್ಲೇ ಮಾರ್ಕ್‌ಡೌನ್‌ನಲ್ಲಿ ಬರೆಯುವುದರಿಂದ ಎರಡೂ ಒಟ್ಟಿಗೆ ಬೆಳೆಯುತ್ತವೆ.

ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ‘ಗೋಲ್ಡನ್ ಪಾತ್’ ವಿಚಾರ. ಮೊದಲು ನಡೆದವರು ಹಸನು ಮಾಡಿಟ್ಟ ದಾರಿ ಅದು. ಬೇರೆ ದಾರಿ ಹಿಡಿಯಲು ಅಡ್ಡಿಯಿಲ್ಲ. ಈ ದಾರಿಯಲ್ಲಿ ನಡೆದವರಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಆಸರೆಯಿದೆ.

2020ರ ಮಾರ್ಚ್‌ನಲ್ಲಿ ಸ್ಪಾಟಿಫೈ ಬ್ಯಾಕ್‌ಸ್ಟೇಜನ್ನು ಮುಕ್ತ ತಂತ್ರಾಂಶವಾಗಿಸಿತು. ಅದೇ ವರ್ಷ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿಗೆ ಒಪ್ಪಿಸಿತು. ಹಾಡು ಕೇಳುವವರಿಗೆ ಎಂದೂ ಕಾಣದ ಈ ಚೌಕಿಯನ್ನು ಇಷ್ಟು ಮುತುವರ್ಜಿಯಿಂದ ಕಟ್ಟಿದ ಕೈಗಳಿಗೆ ನನ್ನ ನಮಸ್ಕಾರ.